ಸಮುದ್ರ ಎಡಕ್ಕೆ, ಬೆಟ್ಟ ಬಲಕ್ಕೆ

ಪ್ರಶ್ನೆ: ಜೂನ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಮಗಳ ಮನೆಗೆ ಹೋಗುತ್ತಿದ್ದೇವೆ. ನಾನು, ನಮ್ಮ ಯಜಮಾನರು ಇಬ್ಬರೇ ಒಂದು ದಿನ ವೇಲ್ಸ್ ಕರಾವಳಿಯ ಲೋಕಲ್ ರೈಲಿನಲ್ಲಿ ಪುಲ್ಹೆಲಿವರೆಗೆ ಹೋಗಬೇಕು ಅಂತ ಆಸೆ. ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದಾ? ಯಾವ ಕಡೆ ಕೂತರೆ ಚೆನ್ನ?

ಉತ್ತರ: ಬರಬಹುದು, ಆದರೆ ಬೇಡಮ್ಮ. ಬರ್ಮಿಂಗ್‌ಹ್ಯಾಮ್‌ನಿಂದ ಪುಲ್ಹೆಲಿಗೆ ಹೋಗುವುದಕ್ಕೇ ನಾಲ್ಕು ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಬರುವುದಕ್ಕೆ ಮತ್ತೆ ಅಷ್ಟೇ. ಇಡೀ ದಿನ ಸೀಟಿನಲ್ಲೇ ಕಳೆದುಹೋಗುತ್ತದೆ. ನಾನು ಈ ದಾರಿಯಲ್ಲೇ ಇರುವ ಶ್ರೂಸ್‌ಬರಿಯಲ್ಲಿ ಐದು ವರ್ಷ ಇದ್ದೆ. ಬಿಡುವು ಸಿಕ್ಕಾಗೆಲ್ಲ ಈ ದಾರಿ ಹಿಡಿಯುತ್ತಿದ್ದೆ. ನನ್ನ ಮಾತು ಕೇಳಿ, ದಾರಿಯಲ್ಲಿ ಸಿಗುವ ಬಾರ್‌ಮತ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಸ್ಟೇಷನ್ ಊರೊಳಗೇ ಇದೆ, ಸಮುದ್ರದ ದಂಡೆ ಪಕ್ಕದಲ್ಲೇ.

ಮಖನ್‌ಲೆತ್ ಸ್ಟೇಷನ್‌ನಲ್ಲಿ ಸ್ವಲ್ಪ ಹುಷಾರಾಗಿರಿ. ಅಲ್ಲಿ ರೈಲು ಎರಡಾಗುತ್ತದೆ. ಒಂದು ಭಾಗ ಅಬರಿಸ್ಟ್ವಿತ್‌ಗೆ, ಇನ್ನೊಂದು ಪುಲ್ಹೆಲಿಗೆ. ಯಾವ ಬೋಗಿ ಎಲ್ಲಿಗೆ ಅಂತ ವೇಲ್ಷ್ ಭಾಷೆಯಲ್ಲೂ ಇಂಗ್ಲಿಷ್‌ನಲ್ಲೂ ಹೇಳುತ್ತಾರೆ. ಅನುಮಾನ ಬಂದರೆ ಗಾರ್ಡ್‌ನ್ನೇ ಕೇಳಿ.

ಆಮೇಲೆ ಎಡಗಡೆಯ ಕಿಟಕಿ ಹಿಡಿಯಿರಿ. ಮೊದಲು ಡವಿ ನದಿಯ ಅಗಲವಾದ ಅಳಿವೆ, ಅಬರ್‌ಡವಿ ದಾಟಿದರೆ ಸಮುದ್ರ. ಫೇರ್‌ಬೋರ್ನ್‌ಗೆ ಮುಂಚೆ ಫ್ರಿಯೋಗ್ ಎಂಬಲ್ಲಿ ಹಳಿ ಬಂಡೆಯ ಅಂಚಿನಲ್ಲಿದೆ. ಕೆಳಗೆ ನೋಡಿದರೆ ಬರೀ ನೀರು. 1883ರಲ್ಲಿ ಒಮ್ಮೆ, 1933ರಲ್ಲಿ ಮತ್ತೊಮ್ಮೆ ಇಲ್ಲಿ ಗುಡ್ಡ ಕುಸಿದು ಎಂಜಿನ್ ಕೆಳಗೆ ಉರುಳಿತು. ಎರಡೂ ಸಲ ಡ್ರೈವರ್ ಮತ್ತು ಎಂಜಿನ್‌ಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಜೀವ ಕಳೆದುಕೊಂಡರು. ಎರಡನೇ ಸಲದ ನಂತರ ಹಳಿಯ ಮೇಲೆ ಕಾಂಕ್ರೀಟ್ ಸೂರು ಕಟ್ಟಿದರು. ಅದರೊಳಗೆ ಹೋಗುವಾಗ ಆ ನಾಲ್ವರು ನನಗೆ ನೆನಪಾಗದೆ ಇರುತ್ತಿರಲಿಲ್ಲ.

ಬಾರ್‌ಮತ್ ಸೇತುವೆ ಬಂದಾಗ ಮಾತ್ರ ಬಲಗಡೆಗೆ ತಿರುಗಿ. ಮೌದಾಖ್ ನದಿ, ಅದರ ಹಿಂದೆ ಕೇಡರ್ ಇದ್ರಿಸ್ ಬೆಟ್ಟ. ಮುಂದೆ ಹಾರ್ಲೆಕ್‌ನಲ್ಲೂ ಬಲಗಡೆಯೇ ನೋಡಬೇಕು. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ ಕಟ್ಟಿಸಿದ ಕೋಟೆ ಸ್ಟೇಷನ್‌ನ ನೆತ್ತಿಯ ಮೇಲೇ ನಿಂತಿದೆ.

ಪ್ರಶ್ನೆ: ಕೆಲವು ಸ್ಟೇಷನ್‌ಗಳಲ್ಲಿ ನಾವು ಹೇಳದೇ ಇದ್ದರೆ ರೈಲು ನಿಲ್ಲುವುದೇ ಇಲ್ಲವಂತೆ. ನಿಜವಾ?

ಉತ್ತರ: ನಿಜ. ಅವುಗಳಿಗೆ ರಿಕ್ವೆಸ್ಟ್ ಸ್ಟಾಪ್ ಅಂತಾರೆ. ಇಳಿಯಬೇಕಿದ್ದರೆ ಗಾರ್ಡ್‌ಗೆ ಮೊದಲೇ ಹೇಳಬೇಕು. ಹತ್ತಬೇಕಿದ್ದರೆ ಡ್ರೈವರ್‌ಗೆ ಕಾಣುವಂತೆ ಪ್ಲಾಟ್‌ಫಾರ್ಮ್‌ನಲ್ಲಿ ನಿಂತು ಕೈ ಚಾಚಬೇಕು. ಸಂಕೋಚ ಪಡಬೇಡಿ, ಅಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಒಂದು ಸಲ ನಾನು ಸೇತುವೆಗೆ ಮುಂಚಿನ ಮೊರ್ವಾ ಮೌದಾಖ್‌ನಲ್ಲಿ ಇಳಿಯಬೇಕಿತ್ತು. ಕಿಟಕಿ ನೋಡುತ್ತಾ ಗಾರ್ಡ್‌ಗೆ ಹೇಳುವುದನ್ನೇ ಮರೆತೆ. ರೈಲು ನಿಲ್ಲದೆ ಸೇತುವೆ ದಾಟಿ ಬಾರ್‌ಮತ್‌ಗೆ ಬಂತು. ವಾಪಸ್ ಹೋಗಲು ಮುಂದಿನ ರೈಲಿಗೆ ಕಾಯಬೇಕಿತ್ತು. ಸೇತುವೆಯ ಪಕ್ಕದಲ್ಲೇ ಕಾಲುದಾರಿ ಇದೆ ಅಂತ ಯಾರೋ ಹೇಳಿದರು. ನಡೆದೇ ಹೊರಟೆ.

ಕಾಲ ಕೆಳಗೆ ಮರದ ಹಲಗೆಗಳು. ಸಂದಿಯಲ್ಲಿ ನೀರು ಮಿನುಗುತ್ತಿತ್ತು. ಭರತ ಇಳಿಯುವ ಹೊತ್ತು, ಮರದ ಕಂಬಗಳ ಸುತ್ತ ನೀರು ಸುಳಿ ಸುತ್ತಿ ಸಮುದ್ರದ ಕಡೆ ಓಡುತ್ತಿತ್ತು. ಅರ್ಧ ದಾರಿಯಲ್ಲಿದ್ದಾಗ ಹಿಂದಿನಿಂದ ರೈಲು ಬಂತು. ಸದ್ದಿಗಿಂತ ಮೊದಲು ಅದು ಗೊತ್ತಾಗಿದ್ದು ಅಂಗಾಲಿಗೆ. ಹಲಗೆಗಳು ಸಣ್ಣಗೆ ನಡುಗಿದವು. ಕಾಲುದಾರಿಯ ತಡೆಕಂಬಿಯ ಮೇಲೆ ಕೈಯಿಟ್ಟು ನಿಂತೆ. ಎರಡೇ ಬೋಗಿಯ ರೈಲು ನಿಧಾನಕ್ಕೆ ಪಕ್ಕದಲ್ಲಿ ಹಾದುಹೋಯಿತು. ಕಿಟಕಿಯಿಂದ ಒಂದು ಮಗು ಕೈ ಬೀಸಿತು. ಅಲ್ಲಿವರೆಗೆ ಎಷ್ಟೋ ಸಲ ರೈಲಿನಲ್ಲಿ ದಾಟಿದ್ದೆ, ಸೇತುವೆ ನೋಡಿದ್ದು ಮಾತ್ರ ಅವತ್ತೇ ಅನ್ನಿಸಿತು.

1867ರ ಸೇತುವೆ ಅದು. 1980ರಲ್ಲಿ ಮರ ಕೊರೆಯುವ ಕಡಲ ಹುಳು ಕಂಬಗಳಿಗೆ ಬಿದ್ದಿದ್ದು ಗೊತ್ತಾಗಿ, ಇದರ ಕತೆ ಮುಗಿಯಿತೇನೋ ಅನ್ನುವಂತಾಗಿತ್ತು. ಹಾಗಾಗಲಿಲ್ಲ. 2020ರಿಂದ 2023ರವರೆಗೆ ಹಂತ ಹಂತವಾಗಿ ರೈಲು ನಿಲ್ಲಿಸಿ, ಕೆಟ್ಟ ಮರ ತೆಗೆದು ಹೊಸ ಮರ ಹಾಕಿದರು. ಕಾಂಕ್ರೀಟ್ ಸುರಿದು ಕೈ ತೊಳೆದುಕೊಳ್ಳದೆ ಮರದ ಸೇತುವೆಯನ್ನು ಮರದಲ್ಲೇ ಉಳಿಸಿಕೊಂಡರು. ಅದಕ್ಕೆ ಅವರಿಗೆ ಕೈ ಮುಗಿಯಬೇಕು.

ಪ್ರಶ್ನೆ: ಯಜಮಾನರಿಗೆ ಮಂಡಿ ನೋವು. ಆ ಸೇತುವೆ ಮೇಲೆ ನಡೆಯಲು ಆಗುತ್ತಾ?

ಉತ್ತರ: ಸೇತುವೆ ಸಮತಟ್ಟಾಗಿದೆ, ನಿಧಾನಕ್ಕೆ ಹೋದರೆ ಆಗುತ್ತದೆ. ಪೂರ್ತಿ ದಾಟಲೇಬೇಕು ಅಂತಿಲ್ಲ. ಬಾರ್‌ಮತ್ ಕಡೆಯಿಂದ ಹೊರಟು, ಕಬ್ಬಿಣದ ಭಾಗ ದಾಟಿ ಮರದ ಭಾಗಕ್ಕೆ ಸ್ವಲ್ಪ ದೂರ ಹೋದರೂ ಸಾಕು. ಹಾರ್ಲೆಕ್ ಕೋಟೆಗೆ ಮಾತ್ರ ಸ್ಟೇಷನ್‌ನಿಂದ ಕಡಿದಾದ ಏರು. ಅವರನ್ನು ಅಲ್ಲಿಗೆ ನಡೆಸಬೇಡಿ. ಗಾಳಿ ಜೋರು, ಜೂನ್ ಆದರೂ ಇಬ್ಬರಿಗೂ ಒಂದೊಂದು ಸ್ವೆಟರ್ ಇರಲಿ. ಅಂದಿನ ಭರತ ಎಷ್ಟು ಹೊತ್ತಿಗೆ ಅಂತ ಉಳಿದುಕೊಂಡ ಕಡೆ ಕೇಳಿಕೊಂಡು, ನೀರು ತುಂಬಿದಾಗ ಹೋಗಿ. ಇಳಿತದಲ್ಲಿ ಮರಳೇ ಜಾಸ್ತಿ ಕಾಣುತ್ತದೆ.