ಕಪ್ಪಗಿದ್ದ ಬ್ಲ್ಯಾಕ್‌ಬೆರಿಯನ್ನೇ ಕಿತ್ತರೂ ಹುಳಿ ಯಾಕೆ?

ಬೇಸಿಗೆ ಮುಗಿಯುವ ಹೊತ್ತಲ್ಲಿ ಕಾಡು ಬ್ಲ್ಯಾಕ್‌ಬೆರಿ ಕೀಳಲು ಹೋಗಿದ್ದೆ, ಕಪ್ಪಗಿದ್ದವನ್ನೇ ಆರಿಸಿ ತಂದರೂ ಬರೀ ಹುಳಿ, ಎರಡು ದಿನ ಇಟ್ಟರೂ ಸಿಹಿಯಾಗಲಿಲ್ಲ ಅಂತ ಕೇಳಿದ್ದೀರಿ. ನನಗೂ ಮೊದಲ ಸಲ ಹೀಗೇ ಆಗಿತ್ತು, ತುಂಬಾ ಬೇಜಾರಾಗಿತ್ತು. ಇದು ಬಾಳೆಹಣ್ಣಿನ ಹಾಗಲ್ಲ. ಗಿಡದಿಂದ ಕಿತ್ತ ಮೇಲೆ ಬ್ಲ್ಯಾಕ್‌ಬೆರಿ ಮಾಗುವುದೇ ಇಲ್ಲ.

ಬಣ್ಣ ನೋಡಿ ಕಿತ್ತಿದ್ದೀರಿ, ಎಡವಟ್ಟಾಗಿದ್ದು ಅಲ್ಲೇ. ಹಣ್ಣು ಮೊದಲು ಕಪ್ಪಾಗುತ್ತದೆ, ಸಿಹಿ ಬರುವುದು ಆಮೇಲೆ. ಮಿರಮಿರ ಮಿಂಚುತ್ತಿದ್ದರೆ ಇನ್ನೂ ದೋರೆಗಾಯಿ ಅಂತಲೇ ತಿಳಿಯಿರಿ. ಹೊಳಪು ಹೋಗಿ ಸ್ವಲ್ಪ ಮಂಕಾಗಿ, ಹಣ್ಣಿನ ಸಣ್ಣ ಮಣಿಗಳೆಲ್ಲ ಉಬ್ಬಿಕೊಂಡಿರಬೇಕು. ಆಗ ಮೂರು ಬೆರಳಲ್ಲಿ ಮೆತ್ತಗೆ ಹಿಡಿದು ಒಂದು ಕಡೆ ವಾಲಿಸಿ ನೋಡಿ. ಮಾಗಿದ್ದರೆ ತಾನಾಗೇ ಅಂಗೈಗೆ ಬೀಳುತ್ತದೆ. ಎಳೆಯಬೇಕು ಅನಿಸಿದರೆ ಅಲ್ಲೇ ಬಿಟ್ಟುಬಿಡಿ. ಒಂದೇ ಗೊಂಚಲಲ್ಲಿ ತುದಿಯ ಹಣ್ಣು ಮೊದಲು ಮಾಗುತ್ತದೆ, ಉಳಿದವು ಒಂದೊಂದಾಗಿ, ಹಾಗಾಗಿ ಒಂದೇ ದಿನ ಪೊದೆ ಖಾಲಿ ಮಾಡುವ ಆಸೆ ಬೇಡ, ನಾಲ್ಕೈದು ದಿನ ಬಿಟ್ಟು ಅದೇ ಪೊದೆಗೆ ಮತ್ತೆ ಹೋಗಿ.

ಒಳ್ಳೆಯ ಹಣ್ಣು ಎಲೆಯ ಅಡಿಯಲ್ಲಿ ಅಡಗಿರುತ್ತದೆ. ನಿಂತು ನೋಡಿದರೆ ಕಾಣುವುದಿಲ್ಲ, ಕುಕ್ಕರುಗಾಲಲ್ಲಿ ಕೂತು ಕೆಳಗಿಂದ ಮೇಲಕ್ಕೆ ನೋಡಿ. ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಮುಳ್ಳುಗಳು ಕೊಕ್ಕೆಯ ಹಾಗೆ ಹಿಂದಕ್ಕೆ ಬಾಗಿರುತ್ತವೆ, ತೋಳು ಸಿಕ್ಕಿಕೊಂಡಾಗ ಗಾಬರಿಯಿಂದ ಕೈ ಎಳೆದರೆ ಇನ್ನೂ ಆಳಕ್ಕೆ ಚುಚ್ಚುತ್ತವೆ. ಕೈಯನ್ನು ಸ್ವಲ್ಪ ಒಳಗೇ ತಳ್ಳಿ, ಆಮೇಲೆ ಬಿಡಿಸಿಕೊಳ್ಳಿ. ಇನ್ನೊಂದು ವಿಷಯ, ಪಕ್ಕದಲ್ಲಿ ಹಣ್ಣಿಲ್ಲದೆ ಹಸಿರಾಗಿ ಬೆಳೆದ ಹೊಸ ಕಡ್ಡಿಗಳನ್ನು ದಯವಿಟ್ಟು ತುಳಿಯಬೇಡಿ. ಈ ವರ್ಷ ಹಣ್ಣು ಕೊಟ್ಟ ಕಡ್ಡಿ ಒಣಗಿಹೋಗುತ್ತದೆ, ಮುಂದಿನ ವರ್ಷದ ಹಣ್ಣು ಬಿಡುವುದು ಆ ಹೊಸ ಕಡ್ಡಿಯಲ್ಲೇ.

ಹಕ್ಕಿ ತಿಂದರೆ ನಾವೂ ತಿನ್ನಬಹುದು ಅನ್ನುವ ಮಾತನ್ನು ಮಾತ್ರ ನಂಬಲೇಬೇಡಿ. ಬೆಲ್ಲಡೋನಾ ಅನ್ನುವ ವಿಷದ ಗಿಡದ ಹಣ್ಣನ್ನೂ ಹಕ್ಕಿಗಳು ತಿನ್ನುತ್ತವೆ, ಮನುಷ್ಯರಿಗೆ ಅದು ಪ್ರಾಣಕ್ಕೇ ಕುತ್ತು. ಅದೂ ಕಪ್ಪಗೆ ಹೊಳೆಯುತ್ತದೆ, ಆದರೆ ನುಣ್ಣಗಿನ ಒಂಟಿ ಗುಂಡು, ಹಿಂದೆ ನಕ್ಷತ್ರದ ಹಾಗೆ ಹರಡಿದ 5 ಹಸಿರು ಎಸಳು ಇರುತ್ತವೆ. ಬ್ಲ್ಯಾಕ್‌ಬೆರಿ ಅಂದರೆ ಸಣ್ಣ ಸಣ್ಣ ಮಣಿಗಳನ್ನು ಒತ್ತಿ ಜೋಡಿಸಿದ ಹಾಗೆ, ಕಿತ್ತಾಗ ಒಳಗಿನ ಬಿಳಿ ದಿಂಡು ಹಣ್ಣಿನ ಜೊತೆಗೇ ಬರುತ್ತದೆ. ರಾಸ್ಪ್‌ಬೆರಿಯಲ್ಲಾದರೆ ದಿಂಡು ಗಿಡದಲ್ಲೇ ಉಳಿದು, ಹಣ್ಣು ಪುಟ್ಟ ಟೋಪಿ ತರ ಟೊಳ್ಳಾಗಿ ಕೈಗೆ ಬರುತ್ತದೆ. ಗುರುತು ಸಿಗದ ಹಣ್ಣನ್ನು ರುಚಿ ನೋಡೋಣ ಅಂತಲೂ ಬಾಯಿಗೆ ಹಾಕಬೇಡಿ. ದೊಡ್ಡ ರಸ್ತೆ ಪಕ್ಕದ್ದು, ಕಳೆನಾಶಕ ಹೊಡೆದ ಜಾಗದ್ದು ಬೇಡವೇ ಬೇಡ.

ಬಿಸಿಲೇರುವ ಮೊದಲೇ ಹೋಗಿ, ಬಿಸಿಯಾದ ಹಣ್ಣು ಬೇಗ ರಸ ಬಿಡುತ್ತದೆ. ಆಳವಾದ ಬಕೆಟ್ ಬೇಡ, ಅಗಲದ ಡಬ್ಬಿ ಇರಲಿ, ಎರಡು ಮೂರು ಪದರಕ್ಕಿಂತ ಜಾಸ್ತಿ ಆದರೆ ಕೆಳಗಿನದು ನಜ್ಜುಗುಜ್ಜಾಗುತ್ತದೆ. ತಂದ ತಕ್ಷಣ ತೊಳೆದಿಡಬೇಡಿ, ತೇವ ನಿಂತರೆ ಬೂಸ್ಟು ಹಿಡಿಯುತ್ತದೆ, ತಿನ್ನುವ ಮುಂಚೆ ತೊಳೆದರೆ ಸಾಕು.

ಈಗ ನಿಮ್ಮ ಹತ್ತಿರ ಇರುವ ಹುಳಿ ಹಣ್ಣನ್ನು ಸುಮ್ನೆ ಎಸೆಯಬೇಡಿ. ಅರೆಮಾಗಿದ ಹಣ್ಣಲ್ಲಿ ಪೆಕ್ಟಿನ್, ಅಂದರೆ ಜಾಮ್ ಗಟ್ಟಿಯಾಗಿಸುವ ಅಂಶ ಜಾಸ್ತಿ, ಸಕ್ಕರೆ ಹಾಕಿ ಕುದಿಸಿದರೆ ಜಾಮ್ ಚೆನ್ನಾಗಿ ಗಟ್ಟಿಯಾಗುತ್ತದೆ.