ತಕರಾರಿನೊಳಗೆ ಕರಾರು ಇದೆಯೇ?

ಪ್ರಶ್ನೆ: ‘ಕರಾರು’ ಎಂದರೆ ಒಪ್ಪಂದ; ‘ತಕರಾರು’ ಎಂದರೆ ಒಪ್ಪದಿರುವುದು. ಹಾಗಾದರೆ ಮೊದಲಿನ ‘ತ’ ನಿಷೇಧಾರ್ಥದ ಉಪಸರ್ಗವೇ? ಈ ಪದದ ಮೂಲವನ್ನು ದಯವಿಟ್ಟು ತಿಳಿಸಿ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಕನ್ನಡದ ಲಿಪಿಯಲ್ಲಿ ನೋಡಿದವರಿಗೆ ಹಾಗೆನ್ನಿಸುವುದು ಸಹಜ. ಆದರೆ ಈ ಎರಡು ಪದಗಳಿಗೆ ನಂಟಿಲ್ಲ. ಎರಡೂ ಅರಬ್ಬಿಯಿಂದ ಹೊರಟು ಪಾರಸಿ, ಹಿಂದೂಸ್ತಾನಿಗಳ ಮೂಲಕ ನಮ್ಮಲ್ಲಿಗೆ ಬಂದವು. ಅರಬ್ಬಿಯಲ್ಲಿ ‘ಕ’ದಂಥ ಧ್ವನಿಗಳು ಎರಡು: ಒಂದು ನಮ್ಮ ಕಕಾರದಂಥದ್ದು, ಇನ್ನೊಂದು ಕಿರುನಾಲಿಗೆಯ ಬಳಿ, ಗಂಟಲಿನ ಆಳದಲ್ಲಿ ಹುಟ್ಟುವಂಥದ್ದು. ‘ಕರಾರು’ವಿನದು ಆಳದ ಕಕಾರ, ನೆಲೆಗೊಳ್ಳುವುದು, ಸ್ಥಿರವಾಗುವುದು ಎಂಬುದು ಅದರ ಧಾತ್ವರ್ಥ. ‘ತಕರಾರು’ವಿನ ಮೂಲವಾದ ‘ತಕ್ರಾರ್’ನಲ್ಲಿರುವುದು ಸಾಮಾನ್ಯ ಕಕಾರ. ಕನ್ನಡವು ಎರಡನ್ನೂ ಒಂದೇ ಅಕ್ಷರದಲ್ಲಿ ಬರೆದುದರಿಂದ ಬೇರೆ ಬೇರೆ ಕುಲದ ಪದಗಳು ಒಡಹುಟ್ಟಿದವುಗಳಂತೆ ಕಾಣುತ್ತಿವೆ. ‘ತ’ ನಿಷೇಧವಾಚಿಯಲ್ಲ; ಕ್ರಿಯೆಯಿಂದ ನಾಮಪದವನ್ನು ಕಟ್ಟುವಾಗ ಅರಬ್ಬಿಯಲ್ಲಿ ಬರುವ ಅಂಶವಷ್ಟೆ.

‘ತಕ್ರಾರ್’ ಎಂದರೆ ಪುನರಾವರ್ತನೆ, ಹೇಳಿದ್ದನ್ನೇ ಮತ್ತೆ ಹೇಳುವುದು. ಉರ್ದು ಮುಶಾಯಿರಾಗಳಲ್ಲಿ ದ್ವಿಪದಿಯೊಂದು ಮನಸ್ಸಿಗೆ ಹಿಡಿಸಿದಾಗ ಸಭಿಕರು ‘ಮುಕರ್ರರ್’ ಎಂದು ಕೂಗುತ್ತಾರಲ್ಲ, ‘ಇನ್ನೊಮ್ಮೆ ಹೇಳಿ’ ಎಂಬ ಆ ಕೋರಿಕೆಯೂ ಇದೇ ಧಾತುವಿನದು. ಇಬ್ಬರು ತಮ್ಮ ತಮ್ಮ ಮಾತನ್ನೇ ಹಿಡಿದು ಮತ್ತೆ ಮತ್ತೆ ಹೇಳತೊಡಗಿದರೆ ಅದು ವಾಗ್ವಾದವಾಗುತ್ತದೆ. ಅರ್ಥವು ಪುನರಾವರ್ತನೆಯಿಂದ ಜಗಳದತ್ತ ಸರಿದದ್ದು ಹೀಗೆ. ಉರ್ದುವಿನಲ್ಲಿ ಎರಡು ಅರ್ಥಗಳೂ ಉಳಿದಿವೆ. ಕನ್ನಡಕ್ಕೆ ಬಂದದ್ದು ಎರಡನೆಯದು ಮಾತ್ರ. ಜೊತೆಗೆ, ‘ಕ್ರ’ ಒತ್ತಕ್ಷರ ಬಿಡಿಸಿಕೊಂಡು, ಕೊನೆಗೆ ಉಕಾರ ಸೇರಿ, ಪದ ನಮ್ಮ ನಾಲಿಗೆಗೆ ಒಗ್ಗಿಕೊಂಡಿದೆ.

ಅರ್ಜಿ, ಫಿರ್ಯಾದಿ, ವಕೀಲ, ರಾಜಿ ಮೊದಲಾದ ಕಚೇರಿಯ ಮಾತುಗಳ ಸಾಲಿನಲ್ಲೇ ಇದೂ ಬಂದುದರಿಂದ ಇದಕ್ಕೆ ಆಕ್ಷೇಪಣೆಯೆಂಬ ಖಚಿತವಾದ ಛಾಯೆಯೊಂದಿದೆ. ಜಗಳ ತನ್ನಷ್ಟಕ್ಕೆ ಹತ್ತಿಕೊಳ್ಳಬಹುದು, ತಕರಾರನ್ನು ಯಾರಾದರೂ ‘ತೆಗೆಯಬೇಕು’. ಖಾತೆ ಬದಲಾವಣೆಗೆ ‘ತಕರಾರು ಅರ್ಜಿ’ ಕೊಡುವವನು ಜಗಳಗಂಟನಲ್ಲ. ‘ನನ್ನದೇನೂ ತಕರಾರಿಲ್ಲ’ ಎನ್ನುವವನು ತನ್ನ ಒಪ್ಪಿಗೆಯನ್ನೇ ತಿಳಿಸುತ್ತಿದ್ದಾನೆ. ಆದುದರಿಂದ, ಪರಭಾಷೆಯದೆಂಬ ಕಾರಣಕ್ಕೆ ಇದನ್ನು ತೆಗೆದು ಎಲ್ಲೆಡೆ ‘ವಿವಾದ’ವೆಂದು ತಿದ್ದುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ನೆರೆಯ ಭಾಷೆಗಳಲ್ಲಿ ಇದರ ಅರ್ಥ ಬೇರೆ ಬೇರೆ ಕಡೆಗೆ ಹರಿದಿದೆ. ತಮಿಳಿನಲ್ಲಿ ಅದು ಜಗಳ. ಮರಾಠಿಯ ‘ತಕ್ರಾರ್’ ಮುಖ್ಯವಾಗಿ ದೂರು. ಅಲ್ಲಿನ ಕಚೇರಿಯ ‘ತಕ್ರಾರ್ ಪೇಟಿ’ ನಮ್ಮ ದೂರು ಪೆಟ್ಟಿಗೆ. ಮಲಯಾಳದಲ್ಲಿಯಂತೂ ಯಂತ್ರ ಕೆಟ್ಟು ನಿಂತರೂ ಅದು ‘ತಕರಾರ್’ ಎನಿಸಿಕೊಳ್ಳುತ್ತದೆ.