ನಡಿಗೆ ಅಳೆಯಲು ಒಂದೇ ಕ್ಯಾಮೆರಾ ಸಾಲದೇ?

ಪ್ರಶ್ನೆ: ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ನಮ್ಮ ತಂದೆಯವರ ನಡಿಗೆಯನ್ನು ಆಳ ಗ್ರಹಿಸುವ ಮೂರು ಕ್ಯಾಮೆರಾಗಳಿಂದ ಅಳೆಯುವುದಾಗಿ ಫಿಸಿಯೋಥೆರಪಿಸ್ಟ್ ತಿಳಿಸಿದ್ದಾರೆ. ವಿಡಿಯೊ ಗೇಮ್‌ನ ಕೈನೆಕ್ಟ್ ಒಂದೇ ಇಡೀ ದೇಹವನ್ನು ಗುರುತಿಸುತ್ತಿತ್ತಲ್ಲವೇ? ಮೂರು ಏಕೆ ಬೇಕು?
– ಓದುಗರೊಬ್ಬರು, ಹಾಸನ

ಉತ್ತರ: 2010ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಕೈನೆಕ್ಟ್, ಕಣ್ಣಿಗೆ ಕಾಣದ ಅವಕೆಂಪು ಚುಕ್ಕಿಗಳನ್ನು ಎದುರಿಗೆ ಚೆಲ್ಲಿ, ಅವು ಎಷ್ಟು ಸರಿದು ಕಾಣುತ್ತವೆ ಎಂಬುದರಿಂದ ದೂರವನ್ನು ಲೆಕ್ಕ ಹಾಕುತ್ತಿತ್ತು, ಮೈಗೆ ಯಾವ ಗುರುತನ್ನೂ ಅಂಟಿಸದೆ 20 ಕೀಲುಗಳ ಸ್ಥಾನವನ್ನು ಸೆಕೆಂಡಿಗೆ 30 ಬಾರಿ ಅಂದಾಜಿಸುತ್ತಿತ್ತು. ಆದರೆ ಆಟಗಾರ ತನಗೆ ಎದುರಾಗಿಯೇ ನಿಂತಿರುತ್ತಾನೆಂದು ಅದು ಎಣಿಸುತ್ತಿತ್ತು. ರೋಗಿಗಳು ಹಾಗೆ ನಿಲ್ಲುವುದಿಲ್ಲ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ, ಮರಳಿ ಬಂದು ಕುಳಿತುಕೊಳ್ಳುವ ‘ಟೈಮ್ಡ್ ಅಪ್ ಆ್ಯಂಡ್ ಗೋ’ ಪರೀಕ್ಷೆಯನ್ನೇ ನೋಡಿ: ಪಕ್ಕಕ್ಕೆ ತಿರುಗಿದಾಗ ಒಂದು ಕಾಲು ಇನ್ನೊಂದನ್ನು ಮರೆಮಾಡುತ್ತದೆ, ಬೆನ್ನು ಮಾಡಿದಾಗ ಎಡ–ಬಲಗಳೇ ಅದಲುಬದಲಾಗುತ್ತವೆ. ಚಿಕಿತ್ಸಕರು ಗಮನವಿಟ್ಟು ನೋಡಬೇಕಾದದ್ದು, ಆಯತಪ್ಪುವ ಸಂಭವ ಹೆಚ್ಚಿರುವ ಆ ತಿರುವನ್ನೇ. ಬೇರೆ ಬೇರೆ ಮೂಲೆಗಳಲ್ಲಿ ಕ್ಯಾಮೆರಾಗಳಿದ್ದರೆ, ಒಂದಕ್ಕೆ ಮರೆಯಾದ ಮೊಣಕಾಲು ಇನ್ನೊಂದಕ್ಕೆ ಕಾಣುತ್ತದೆ.

ಹಾಗೆಂದು ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ನಿಖರತೆ ಹೆಚ್ಚುವುದಿಲ್ಲ. ಒಂದು ಕೈನೆಕ್ಟ್‌ನ ಚುಕ್ಕಿಗಳ ಮೇಲೆ ಮತ್ತೊಂದರ ಚುಕ್ಕಿಗಳು ಬಿದ್ದರೆ ಎರಡೂ ಗೊಂದಲಕ್ಕೊಳಗಾಗುತ್ತವೆ. ಬೆಳಕು ಹೋಗಿ ಮರಳುವ ಕಾಲದಿಂದ ದೂರ ಅಳೆಯುವ, 2019ರ ಅಜೂರ್ ಕೈನೆಕ್ಟ್‌ನಲ್ಲಿ ಸಾಧನಗಳನ್ನು ಕೇಬಲ್‌ನಿಂದ ಜೋಡಿಸಿ, ಅವುಗಳ ಬೆಳಕು ಒಂದರೊಡನೊಂದು ಬೆರೆಯದಂತೆ ಕನಿಷ್ಠ 160 ಮೈಕ್ರೋಸೆಕೆಂಡುಗಳ ಅಂತರ ಕೊಡುವ ಏರ್ಪಾಡಿತ್ತು. ಇದಕ್ಕಿಂತ ಕಷ್ಟದ ಕೆಲಸವೆಂದರೆ ಹೊಂದಾಣಿಕೆ. ಪ್ರತಿ ಕ್ಯಾಮೆರಾ ತನ್ನನ್ನೇ ಮೂಲಬಿಂದುವೆಂದು ಭಾವಿಸಿ ಅಳೆಯುವುದರಿಂದ, ಚದುರಂಗದ ಮಣೆಯಂಥ ಚೌಕುಳಿ ಹಲಗೆಯನ್ನು ಎಲ್ಲವಕ್ಕೂ ತೋರಿಸಿ, ಅವುಗಳ ಅಳತೆಗಳನ್ನು ಒಂದೇ ಚೌಕಟ್ಟಿಗೆ ತರಬೇಕು. ಬಳಿಕ ಯಾರದೋ ಕಾಲು ತಾಗಿ ಸ್ಟ್ಯಾಂಡ್ ತುಸು ಅಲುಗಿದರೂ ಈ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಕೊನೆಗೆ ಮೂರರ ಸರಾಸರಿ ತೆಗೆದರೂ ಸಾಲದು: ಕೀಲನ್ನು ನೇರವಾಗಿ ಕಂಡ ಕ್ಯಾಮೆರಾಕ್ಕೆ ಹೆಚ್ಚು ತೂಕವನ್ನೂ, ಕಾಣದೆ ಅಂದಾಜಿಸಿದ ಕ್ಯಾಮೆರಾಕ್ಕೆ ಕಡಿಮೆ ತೂಕವನ್ನೂ ತಂತ್ರಾಂಶ ಕೊಡಬೇಕು. ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ನಡಿಗೆಯ ವೇಗ, ಹೆಜ್ಜೆಯ ಉದ್ದ ಇವುಗಳನ್ನು ಈ ವಿಧಾನದಲ್ಲಿ ಸಾಕಷ್ಟು ನಂಬಬಹುದು. ಹಿಮ್ಮಡಿಗಂಟಿನ ಕೋನವನ್ನು ಅಷ್ಟಾಗಿ ನಂಬಲಾಗದು, ಏಕೆಂದರೆ ಪಾದ ಚಿಕ್ಕದು ಮತ್ತು ನೆಲಕ್ಕೆ ಅಂಟಿದಂತೆ ಕಾಣುತ್ತದೆ. ತಮ್ಮ ತಂದೆಯವರು ಪಂಚೆಯ ಬದಲು ಮೈಗೆ ಹೊಂದುವ ಪ್ಯಾಂಟ್ ಧರಿಸಿ ಹೋಗಲಿ. ಪಂಚೆಯೊಳಗಿನ ಮೊಣಕಾಲನ್ನು ಎಷ್ಟು ಕ್ಯಾಮೆರಾಗಳಿದ್ದರೂ ನೋಡಲಾರವು.